ಕೇಸ್ ಬರೆದು ಕೊಡುವವರು ಆಫೀಸಿನಲ್ಲಿ ಇರುವುದಿಲ್ಲ

ಜರ್ಮನಿಯಲ್ಲಿ ಕೆಲಸಕ್ಕೆ ಸೇರಿದ ಮೂರನೇ ವಾರ ನನ್ನ ಪಾಲಿಗೆ ಬಂದ ಕೆಲಸ ನೋಡಿ ಒಳಗೊಳಗೇ ಖುಷಿಯಾಗಿತ್ತು. ಯಾವ ಗ್ರಾಹಕರಿಂದ ಲಾಭ ಬರುತ್ತಿದೆ, ಯಾರಿಂದ ಕೈಸುಟ್ಟುಕೊಳ್ಳುತ್ತಿದ್ದೇವೆ ಎಂದು ಲೆಕ್ಕ ತೆಗೆಯಬೇಕಿತ್ತು. ಭಾರತದಲ್ಲಿ ಎಂಬಿಎ ಓದುವಾಗ ಇಂಥವನ್ನು ಹತ್ತಾರು ಮಾಡಿದ್ದೆ. ಎರಡೇ ದಿನದಲ್ಲಿ ಸ್ಲೈಡುಗಳು ತಯಾರು. ಮೀಟಿಂಗಿನಲ್ಲಿ ಮ್ಯಾನೇಜರ್ ಎರಡನೇ ಸ್ಲೈಡಿಗೇ ತಡೆದು, "ಒಟ್ಟು ಗ್ರಾಹಕರು ಇಷ್ಟು ಅಂತ ಹೇಗೆ ಎಣಿಸಿದಿರಿ?" ಎಂದರು.

ಎಣಿಸಿರಲಿಲ್ಲ. ಸೇಲ್ಸ್‌ನವರ ಫೈಲಿನಲ್ಲಿ ಎಷ್ಟು ಸಾಲಿತ್ತೋ ಅಷ್ಟು ಗ್ರಾಹಕರು ಅಂದುಕೊಂಡಿದ್ದೆ. ಅಕೌಂಟ್ಸ್‌ನವರ ಪ್ರಕಾರ ಇನ್‌ವಾಯ್ಸ್ ಯಾರ ಹೆಸರಿಗೆ ಹೋಗುತ್ತದೋ ಅವರು ಗ್ರಾಹಕರು. ಗೋದಾಮಿನವರಿಗೆ ಸರಕು ಇಳಿಸುವ ಪ್ರತಿ ವಿಳಾಸವೂ ಒಬ್ಬ ಗ್ರಾಹಕ. ಹೀಗೆ ಮೂರು ವಿಭಾಗಕ್ಕೆ ಮೂರು ಲೆಕ್ಕ. ಇದನ್ನು ಬಿಡಿಸಿ ಹೇಳಿದ್ದು ಪಕ್ಕದ ಮೇಜಿನ, ಇನ್ನೂ ಡಿಗ್ರಿ ಮುಗಿಸದ ಹುಡುಗಿ. ಹಿಂದಿನ ಸಲ ಅವಳು ಮೂರು ತಿಂಗಳು ಗೋದಾಮಿನಲ್ಲೇ ಕೆಲಸ ಮಾಡಿದ್ದಳಂತೆ. "ಅವರಿಗೆ ಮೇಲ್ ಹಾಕಬೇಡಿ, ಫೋನ್ ಮಾಡಿ. ಮಧ್ಯಾಹ್ನದ ಮೇಲೆ ಲಾರಿ ಬರುತ್ತೆ, ಆಮೇಲೆ ಸಿಗಲ್ಲ" ಅಂತಲೂ ಸೇರಿಸಿದಳು.

ಅವಳು ಓದುತ್ತಿದ್ದದ್ದು ಬಾಡೆನ್-ವುರ್ಟೆಂಬರ್ಗ್ ರಾಜ್ಯದ, ಓದು ಮತ್ತು ಕಂಪನಿ ಕೆಲಸ ಎರಡೂ ಜೊತೆಜೊತೆಗೆ ನಡೆಯುವ ಡುವಾಲೆ ಹೋಖ್‌ಶೂಲೆಯಲ್ಲಿ. 1974ರಲ್ಲಿ ಶುರುವಾದ ಈ ಪದ್ಧತಿಗೆ 2009ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಯ ಸ್ಥಾನ ಸಿಕ್ಕಿತು. ಸುಮಾರು ಮೂರು ತಿಂಗಳು ಪಾಠ, ಮೂರು ತಿಂಗಳು ಕಂಪನಿಯಲ್ಲಿ ಕೆಲಸ, ಹೀಗೆ ಮೂರು ವರ್ಷ. ಮೊದಲು ಕಂಪನಿಯೊಂದಿಗೆ ಒಪ್ಪಂದ ಆಗಬೇಕು, ಓದುವ ತಿಂಗಳುಗಳಲ್ಲೂ ಸಂಬಳ ಬರುತ್ತದೆ. ನಮ್ಮ ಎರಡು ತಿಂಗಳ ಸಮ್ಮರ್ ಇಂಟರ್ನ್‌ಶಿಪ್ಪನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ನೆಂಟರ ಮನೆಗೆ ಹೋಗಿ ಬಂದ ಹಾಗಿದೆ.

ನಾನು ಕಲಿತದ್ದು ಕೇಸ್ ಪದ್ಧತಿಯಲ್ಲಿ, ಅಂದರೆ ಯಾವುದೋ ಕಂಪನಿಯ ಸಮಸ್ಯೆಯನ್ನು ಬರೆದು ಕೈಗೆ ಕೊಟ್ಟು ತರಗತಿಯಲ್ಲಿ ಅದರ ಮೇಲೆ ವಾದ ಮಾಡಿಸುವುದು. 1919ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಡೀನ್ ಆದ ವಾಲೇಸ್ ಡೋನಮ್ ಕಾನೂನು ಓದಿದವರು. ಕಾನೂನು ವಿದ್ಯಾರ್ಥಿಗಳು ಹಳೆಯ ತೀರ್ಪು ಓದಿ ವಾದಿಸುವಂತೆ ವ್ಯವಹಾರ ಕಲಿಯುವವರೂ ವಾದಿಸಲಿ ಎಂದು ಅವರು ಈ ಪದ್ಧತಿಗೆ ಒತ್ತು ಕೊಟ್ಟರು. 1961ರಲ್ಲಿ ಹುಟ್ಟಿದ ಅಹಮದಾಬಾದಿನ ಐಐಎಂ ಹಾರ್ವರ್ಡ್ ಸಹಯೋಗದಿಂದಲೇ ಅದನ್ನು ತಂದುಕೊಂಡಿತು. ವಾದಿಸುವುದು ನನಗೂ ಚೆನ್ನಾಗಿಯೇ ಬಂತು. ಆದರೆ ಕೇಸ್ ನಮ್ಮ ಕೈಗೆ ಬರುವ ಮೊದಲೇ ಯಾರೋ ಅದರ ಕಲ್ಲು ಆರಿಸಿರುತ್ತಾರೆ. ಸಮಸ್ಯೆ ಏನು, ಯಾವ ಅಂಕಿ ನಂಬಬಹುದು, ನಿರ್ಧಾರ ಯಾರದು ಎಲ್ಲವೂ ಅಚ್ಚಾಗಿರುತ್ತದೆ, ಅನುಬಂಧದಲ್ಲಿ ಕೋಷ್ಟಕ ಬೇರೆ. ಆಫೀಸಿನಲ್ಲಿ ತಿಂಗಳ ಮುಕ್ಕಾಲು ಪಾಲು ಹೋಗುವುದು ಆ ಕಲ್ಲು ಆರಿಸುವುದಕ್ಕೇ.

ಇನ್ನೊಂದು ವಿಷಯ. ತರಗತಿಯಲ್ಲಿ ಮಾತಾಡಿದರೆ ಅಂಕ. ಆ ಚಾಳಿ ಬಿಡಲು ನನಗೆ ಎರಡು ವರ್ಷ ಬೇಕಾಯಿತು. ನನ್ನ ಕೈಕೆಳಗಿಲ್ಲದ ಗೋದಾಮಿನ ಮೇಲ್ವಿಚಾರಕನ ಹತ್ತಿರ ಕೆಲಸ ಮಾಡಿಸಿಕೊಳ್ಳಬೇಕಾದರೆ ಮೊದಲು ಅವನ ಗೋಳು ಕೇಳಬೇಕು. ಕೆಲಸದ ಜಾಗದಲ್ಲಿ ಜನ ಹೇಗೆ ನಡೆದುಕೊಳ್ಳುತ್ತಾರೆ ಎಂದು ಹೇಳುವ 'ಸಂಸ್ಥೆಯ ವರ್ತನೆ' ಎಂಬ ಪಾಠ ನಮಗೂ ಇತ್ತು. ಪ್ರೇರಣೆಯ ಸಿದ್ಧಾಂತಗಳನ್ನು ಉರುಹೊಡೆದು ಪಾಸಾದೆವು.

ಹಾಗಂತ ಎಂಬಿಎ ದಂಡ ಅನ್ನಲಾರೆ. ಬ್ಯಾಲೆನ್ಸ್ ಶೀಟ್ ಕೈಗಿಟ್ಟರೆ ಹಣ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹೇಳಬಲ್ಲೆ, ಅದು ಕಾಲೇಜಿನ ಋಣ. ಆ ಹುಡುಗಿಗೆ ತನ್ನ ಕಂಪನಿ ಬಿಟ್ಟು ಬೇರೆ ರೀತಿ ಇರಬಹುದೆಂದೇ ಹೊಳೆಯುತ್ತಿರಲಿಲ್ಲ. "ನಮ್ಮಲ್ಲಿ ಹೀಗೇ ಮಾಡೋದು" ಅಂದರೆ ಅವಳ ಮಟ್ಟಿಗೆ ಮಾತು ಮುಗಿಯಿತು. ಆದರೂ ಮೊದಲ ವರ್ಷದ ಕೆಲಸಕ್ಕೆ ಒಬ್ಬರನ್ನು ಆರಿಸು ಅಂದರೆ ನಾನು ಅವಳನ್ನೇ ಆರಿಸುತ್ತೇನೆ.

ಮ್ಯಾನೇಜ್‌ಮೆಂಟ್ ಪಾಠ ಮಾಡುವ ಗೆಳೆಯನಿಗೆ ಹೋದ ಸಲ ಹೇಳಿದೆ: ಪ್ರಶ್ನೆಯನ್ನೇ ಕೊಡಬೇಡ. ಒಂದಕ್ಕೊಂದು ತಾಳೆಯಾಗದ ಮೂರು ಫೈಲು ಕೊಟ್ಟು, ಒಂದು ವಾರ ಸುಮ್ಮನಿದ್ದುಬಿಡು. ಅಂಕ ಹೇಗೆ ಹಾಕಲಿ ಎಂದ. ಯಾರನ್ನು ಹುಡುಕಿಕೊಂಡು ಹೋಗಿ ಏನು ಕೇಳಿದರು ಅಂತ ಬರೆಸಿ, ಅದಕ್ಕೆ ಹಾಕು ಅಂದೆ. ನಕ್ಕ. ಮರುಮೌಲ್ಯಮಾಪನಕ್ಕೆ ಅರ್ಜಿ ಬಂದರೆ ಏನು ತೋರಿಸಲಿ ಮಾರಾಯ, ಅಂದ.