ಕಾಲು ಹೋದರೆ ಕ್ಲೇಮ್, ಉಳಿದರೆ ನಿಮ್ಮ ಖರ್ಚು

ಹುಬ್ಬಳ್ಳಿಯ ಚಪ್ಪಲಿಗಳಿಗೂ ಈಗ ಶುಗರ್ ಬಂದಿದೆ. ಸುಮ್ನೆ ಒಮ್ಮೆ ದುರ್ಗದಬೈಲಿನಿಂದ ಕೊಪ್ಪಿಕರ್ ರಸ್ತೆ ಕಡೆ ನಡೆದು ನೋಡಿ. ಹೋದ ದೀಪಾವಳಿವರೆಗೂ ‘ಸಾಫ್ಟ್ ಚಪ್ಪಲ್’ ಅನ್ನಿಸಿಕೊಂಡು ಬಾಗಿಲಲ್ಲಿ ನೇತಾಡುತ್ತಿದ್ದ ಜೋಡು ಈ ವರ್ಷ ‘ಡಯಾಬಿಟಿಕ್’ ಆಗಿದೆ. ಅದೇ ಕಂದು ಬಣ್ಣ, ಅದೇ ಅಟ್ಟೆ, ಅದೇ ಬಾರು. ಮನುಷ್ಯನಿಗೆ ಶುಗರ್ ಬಂದರೆ ತೂಕ ಇಳಿಯುತ್ತದೆ. ಚಪ್ಪಲಿಗೆ ಬಂದರೆ ರೇಟು ಏರುತ್ತದೆ.

ವ್ಯಾಪಾರಿಗಳನ್ನು ಬೈದು ಪ್ರಯೋಜನ ಇಲ್ಲ. ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್ ನೆರವಿನಲ್ಲಿ ದೇಶದ ತುಂಬ ನಡೆದ ಸಮೀಕ್ಷೆಯ ಲೆಕ್ಕ 2023ರಲ್ಲಿ ಹೊರಗೆ ಬಂತು. ಶುಗರ್ ಇರುವವರು ಸುಮಾರು 10.1 ಕೋಟಿ. ಇವತ್ತೋ ನಾಳೆಯೋ ಅಂತ ಹೊಸ್ತಿಲಲ್ಲಿ ನಿಂತವರು ಇನ್ನೂ 13.6 ಕೋಟಿ. ಡಾಕ್ಟರುಗಳು ಈ ಅಂಕಿ ನೋಡಿ ತಲೆ ಮೇಲೆ ಕೈ ಹೊತ್ತರು. ಚಪ್ಪಲಿ ಮಾರುವವರು ಸಮಾಧಾನದಿಂದ ಅದನ್ನು ಎರಡರಿಂದ ಗುಣಿಸಿದರು. ಇಪ್ಪತ್ತು ಕೋಟಿ ಪಾದ! ಇಂಥ ಮಾರ್ಕೆಟ್ ಬಿಡಲಿಕ್ಕೆ ಅವರೇನು ಹುಚ್ಚರಾ? ಅತ್ತ ಧಾರವಾಡದ ಲೈನ್ ಬಜಾರಿನಲ್ಲಿ ಪೇಡೆ ಕೊಳ್ಳುವವರ ಸಾಲೇನೂ ಸಣ್ಣದಾಗಿಲ್ಲ. ಅಂದಮೇಲೆ ಗಿರಾಕಿಗಳ ಕೊರತೆ ಸದ್ಯಕ್ಕಂತೂ ಆಗಲ್ಲ.

ವ್ಯಾಪಾರ ಹೇಗೆ ನಡೆಯುತ್ತದೆ ಅಂತ ನೋಡಬೇಕಾದರೆ ಸಂಜೆ ಹೊತ್ತು ಒಂದು ಅಂಗಡಿಯಲ್ಲಿ ಹದಿನೈದು ನಿಮಿಷ ಕೂತರೆ ಸಾಕು. ನವಲಗುಂದ ಕಡೆಯ ರಿಟೈರ್ಡ್ ಮಾಸ್ತರರೊಬ್ಬರು ಬಂದಿದ್ದರು. ಹುಡುಗ ಗಾಜಿನ ಕಪಾಟಿನಿಂದ ಒಂದು ಜೋಡು ತೆಗೆದ.

“ತಮ್ಮಾ, ಇದು ಖರೇನ ಶುಗರ್ ಇದ್ದವರ ಸಲುವಾಗಿ ಮಾಡಿದ್ದೇನು?”

“ಹೌದ್ರಿ ಸರ. ಡಾಕ್ಟರ್ ಚಪ್ಪಲ್ ರೀ ಇದು.”

“ಯಾವ ಡಾಕ್ಟರು?”

“ಅಟ್ಟಿ ಮ್ಯಾಲ ಪ್ಲಸ್ ಮಾರ್ಕ್ ಐತಿ ನೋಡ್ರಿ.”

ಪ್ಲಸ್ ಮಾರ್ಕ್ ಇತ್ತು. ಹಸಿರು ಬಣ್ಣದ್ದು. ಹುಡುಗ ಹೆಬ್ಬೆರಳಿನಿಂದ ಅಟ್ಟೆಯನ್ನು ಒತ್ತಿ ತೋರಿಸಿದ. “ಹೆಂಗ ಒಳಗ ಹೋಗ್ತೈತಿ ನೋಡ್ರಿ. ಬೆಣ್ಣಿ ಇದ್ದಂಗ ಐತಿ.”

“ಕಾಲಿನ ಅಳತಿ ತಗೊಳ್ಳಂಗಿಲ್ಲೇನು?”

“ನಿಮ್ದು ಎಂಟು ನಂಬರ್ರಿ. ನೋಡಿದ ಕೂಡ್ಲೆ ಗೊತ್ತಾಗ್ತೈತಿ.”

ಮಾಸ್ತರರು ಹಾಕಿಕೊಂಡು ಕಾರ್ಪೆಟ್ ಮೇಲೆ ನಾಲ್ಕು ಹೆಜ್ಜೆ ಹಾಕಿದರು. ಬಾರಿನ ಅಂಚು ಕಿರುಬೆರಳಿಗೆ ಕಚ್ಚಿಕೊಂಡಿದ್ದು ಎದುರಿಗೆ ಕೂತವರಿಗೂ ಕಾಣುತ್ತಿತ್ತು.

“ಎಲ್ಲೆರ ಬಿಗಿ ಅನಸ್ತೈತೇನ್ರಿ?”

“ಏನೂ ಅನಸವಲ್ದಪಾ.”

“ಹಂಗಾರ ಪರ್ಫೆಕ್ಟ್ ಆತ್ರಿ! ಪ್ಯಾಕ್ ಮಾಡ್ಲ್ಯಾ?”

ಏನೂ ಅನಿಸದೇ ಇರುವುದಕ್ಕೇ ಅಲ್ವಾ ಅವರು ಈ ಚಪ್ಪಲಿ ಕೊಳ್ಳಲು ಬಂದಿದ್ದು! ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದರೆ ನರಗಳಲ್ಲಿ ಸಾಮಾನ್ಯವಾಗಿ ಮೊದಲು ಏಟು ತಿನ್ನುವುದು ಪಾದದವು. ಶುರುವಿಗೆ ಜುಂ ಅನ್ನುತ್ತದೆ, ರಾತ್ರಿ ಉರಿಯುತ್ತದೆ. ಆಮೇಲೆ ಹತ್ತಿ ಮೇಲೆ ನಡೆದಂಗೆ ಆಗ್ತೈತಿ ಅನ್ನುತ್ತಾರೆ. ಅದೂ ದಾಟಿದರೆ ಪೂರ್ತಿ ಶಾಂತಿ. ಚಪ್ಪಲಿಯೊಳಗೆ ಹರಳು ಹೊಕ್ಕರೂ ಗೊತ್ತಾಗಲ್ಲ, ಮೊಳೆ ಚುಚ್ಚಿದರೂ ಗೊತ್ತಾಗಲ್ಲ. ಸಂಜೆ ಫರಸಿ ಮೇಲೆ ರಕ್ತದ ಕಲೆ ನೋಡಿ ಮೊಮ್ಮಗ ಕೂಗಿದ ಮೇಲೇ ಅಜ್ಜ ತನ್ನ ಅಂಗಾಲು ನೋಡಿಕೊಳ್ಳುವುದು. ಜೊತೆಗೆ ಹಲವರಿಗೆ ಕಾಲಿಗೆ ರಕ್ತದ ಹರಿವೂ ಕಡಿಮೆ ಆಗಿರುತ್ತದೆ, ಗಾಯ ಬೇಗ ಮಾಯುವುದಿಲ್ಲ. ಇಂಥವರಿಗೆ ಬಿಗಿಯಾದ ಚಪ್ಪಲಿಯೇ ಹಿತ ಅನಿಸುತ್ತದೆ. ಕಾಲಿಗೆ ಏನೋ ಇದೆ ಅಂತ ಅಷ್ಟಾದರೂ ಗೊತ್ತಾಗುತ್ತದಲ್ಲ! ಅಂಥವರನ್ನು ಹಿಡಿದು ‘ಹೆಂಗನಸ್ತೈತಿ’ ಅಂತ ಕೇಳಿ ಚಪ್ಪಲಿ ಮಾರುವುದು ನಮ್ಮ ಪೇಟೆಯ ವಿಜ್ಞಾನ.

ಪಾದಕ್ಕೆ ಸ್ಪರ್ಶಜ್ಞಾನ ಇದೆಯೋ ಇಲ್ಲವೋ ನೋಡಲು ದೊಡ್ಡ ಮಶೀನೇನೂ ಬೇಡ. ಒಂದು ನೈಲಾನ್ ಎಳೆ ಸಾಕು. ಬಾಗುವಷ್ಟು ಒತ್ತಿದರೆ 10 ಗ್ರಾಂ ಭಾರ ಬೀಳುವ ಎಳೆ. ಅಂಗಾಲಿನ ನಾಲ್ಕಾರು ಕಡೆ ಮುಟ್ಟಿಸಿ, ಗೊತ್ತಾಯಿತಾ ಅಂತ ಕೇಳುವುದು, ಅಷ್ಟೇ. ಕೆಲವೇ ನಿಮಿಷದ ಕೆಲಸ. ಆದರೆ ನಮ್ಮಲ್ಲಿ ಶುಗರ್ ಇದ್ದವರನ್ನು ಕೇಳಿ ನೋಡಿ. ಮೂರು ತಿಂಗಳ ಸರಾಸರಿ ಎಷ್ಟು ಅಂದರೆ ದಶಮಾಂಶದ ಸಮೇತ ಹೇಳುತ್ತಾರೆ. ನಿಮ್ಮ ಅಂಗಾಲನ್ನು ಕಡೇ ಸಲ ಯಾರು ನೋಡಿದರು ಅಂದರೆ ಸುಮ್ಮನಾಗುತ್ತಾರೆ. ಮದುವೆಯಲ್ಲಿ ಕಾಲು ತೊಳೆದ ಅತ್ತೆ ಮಾವನೇ ಕಡೆಯವರಿರಬೇಕು.

ಇನ್ನು ಆ ಬೆಣ್ಣೆಯ ವಿಚಾರ. ಮೆತ್ತಗಿದ್ದಷ್ಟೂ ಒಳ್ಳೇದು ಅನ್ನುವುದು ಹುಬ್ಬಳ್ಳಿ, ಗದಗ, ಹಾವೇರಿ ಎಲ್ಲ ಕಡೆಯೂ ನಡೆಯುವ ನಂಬಿಕೆ. ನಿಜವಾಗಿ ಪಾದ ತಾಗುವ ಒಳಪದರ ಮೆತ್ತಗಿರಬೇಕು, ಹೊರಗಿನ ಅಟ್ಟೆ ಗಟ್ಟಿ ಇರಬೇಕು. ಜಾಲಿ ಮುಳ್ಳು ಹೊಕ್ಕರೂ ಪಾದ ಮುಟ್ಟಬಾರದು. ಬೆರಳುಗಳ ಜಾಗ ಅಗಲ ಇರಬೇಕು, ಆಳ ಇರಬೇಕು. ಉದ್ದದ ಬೆರಳಿನ ಮುಂದೆ ಒಂದು ಸೆಂಟಿಮೀಟರಿನಷ್ಟು ಖಾಲಿ ಬಿಡಬೇಕು. ಬೆರಳುಗಳ ಸಂದಿಗೆ ಬಾರು ಬರಬಾರದು. ಹಿಂದೆ ಪಟ್ಟಿ ಬೇಕು, ಯಾಕೆಂದರೆ ಜೋಮು ಹಿಡಿದ ಕಾಲಿಂದ ಚಪ್ಪಲಿ ಜಾರಿ ಬಿದ್ದರೂ ಮನುಷ್ಯ ನಡೆಯುತ್ತಲೇ ಇರುತ್ತಾನೆ. ಒಳಗೆ ಮೊಳೆ ಹೊಡೆದಿರಬಾರದು. ಎರಡೂ ಪಾದದ ಅಳತೆಯನ್ನು ನಿಂತುಕೊಂಡೇ ಕೊಡಬೇಕು, ಅದೂ ಸಂಜೆ, ಕಾಲು ಊದಿಕೊಂಡ ಹೊತ್ತಿನಲ್ಲಿ. ಇಷ್ಟೆಲ್ಲ ಹೇಳಿದರೆ ಅಂಗಡಿ ಹುಡುಗ, “ಸರ, ನಿಮಗ ಚಪ್ಪಲ್ ಬೇಕೋ ಕಾರ್ ಬೇಕೋ” ಅನ್ನುತ್ತಾನೆ.

ಡಯಾಬಿಟಿಕ್ ಕಪಾಟಿನ ಪಕ್ಕದಲ್ಲೇ ಇನ್ನೊಂದು ಚಪ್ಪಲಿ ಇಟ್ಟಿರುತ್ತಾರೆ. ಮೈತುಂಬ ಗುಳ್ಳೆ ಎದ್ದ ಅಕ್ಯುಪ್ರೆಷರ್ ಚಪ್ಪಲಿ. ಇದನ್ನು ಹಾಕಿಕೊಂಡು ಓಡಾಡಿದರೆ ಶುಗರ್ ಕಂಟ್ರೋಲಿಗೆ ಬರುತ್ತದೆ ಅಂತ ಯಾರೋ ಹೇಳಿದ್ದಾರೆ. ಯಾರು ಅಂತ ಕೇಳಬಾರದು. ನೋವೇ ಗೊತ್ತಾಗದ ಕಾಲಿನ ಕೆಳಗೆ ನೂರು ಮೊನೆ ಇಟ್ಟು ಮೇಲೆ ಎಪ್ಪತ್ತು ಕಿಲೋ ಭಾರ ಹೇರಿದರೆ ಏನಾಗುತ್ತದೆ ಅಂತ ತಿಳಿಯಲು ವೈದ್ಯಶಾಸ್ತ್ರ ಓದಬೇಕಾಗಿಲ್ಲ. ಆದರೂ ಉಣಕಲ್ ಕೆರೆ ಸುತ್ತ ಬೆಳಗಿನ ವಾಕಿಂಗಿಗೆ ಬರುವವರಲ್ಲಿ ಅದರ ಗಿರಾಕಿಗಳು ಕಾಣುತ್ತಾರೆ. ಮುಖದಲ್ಲಿ ತಪಸ್ಸಿನ ಕಳೆ ಬೇರೆ.

ತಮಾಷೆ ಏನೆಂದರೆ, ಜೋಮು ಹಿಡಿದ ಕಾಲಿಗೆ ಸರಿಯಾದ ಚಪ್ಪಲಿ ಮಾಡುವ ವಿದ್ಯೆ ಪರದೇಶದಿಂದ ಬಂದ ಫ್ಯಾಶನ್ ಅಲ್ಲ. ಪಕ್ಕದ ತಮಿಳುನಾಡಿನದು. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ನಡುವೆ ಕೆಲಸ ಮಾಡುತ್ತಿದ್ದ ಡಾ. ಪಾಲ್ ಬ್ರಾಂಡ್, ರೋಗಿಗಳ ಬೆರಳು ತಾವಾಗಿ ಉದುರುವುದಿಲ್ಲ, ನೋವು ಗೊತ್ತಾಗದೆ ಆದ ಗಾಯಗಳಿಂದ ಹೋಗುತ್ತವೆ ಅಂತ ತೋರಿಸಿಕೊಟ್ಟರು. ಅವರೂ ಅವರ ಜೊತೆಯವರೂ ಸೇರಿ ಮೆತ್ತನೆಯ ಮೈಕ್ರೋಸೆಲ್ಯುಲಾರ್ ರಬ್ಬರಿನಲ್ಲಿ ಚಪ್ಪಲಿ ಮಾಡಿಸಿದರು. ಎಂಸಿಆರ್ ಅಂತ ಈಗಲೂ ಕರೆಯುವುದು ಇದನ್ನೇ. 1960ರ ದಶಕದಲ್ಲಿ ಅಮೆರಿಕಕ್ಕೆ ಹೋದ ಬ್ರಾಂಡ್ ಅಲ್ಲಿ ಅದೇ ಪಾಠವನ್ನು ಶುಗರ್ ರೋಗಿಗಳ ಪಾದಕ್ಕೂ ಹಚ್ಚಿದರು. ಒಂದು ಕಾಲಕ್ಕೆ ಈ ಚಪ್ಪಲಿ ಹಾಕಿಕೊಂಡರೆ ಮಂದಿ ಗುರುತು ಹಿಡಿದು ದೂರ ಸರಿಯುತ್ತಾರೆ ಅಂತ ರೋಗಿಗಳೇ ಹಾಕಿಕೊಳ್ಳಲು ನಾಚುತ್ತಿದ್ದರು. ಈಗ ಅದೇ ರಬ್ಬರಿಗೆ ಲೆದರಿನ ಹೊದಿಕೆ, ಗಾಜಿನ ಕಪಾಟು, ಏಸಿ. ಮಾಡಿಕೊಡಬಲ್ಲ ಮೋಚಿ ಮಾತ್ರ ಕೊಡೆ ಕೆಳಗೆ ಫುಟ್‌ಪಾತಿನಲ್ಲೇ ಕೂತಿದ್ದಾನೆ. ಅವನ ಹತ್ತಿರ ಹೋದರೆ ಹಳೇ ಪೇಪರ್ ಹಾಸಿ, “ಅಣ್ಣಾರ, ಕಾಲ ಇಡ್ರಿ” ಅಂತ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾನೆ. ಯಾವ ಬೆರಳು ಡೊಂಕು, ಎಲ್ಲಿ ಆಣಿ ಆಗಿದೆ, ಯಾವ ಕಡೆ ಅಟ್ಟೆ ಸವೆಯುತ್ತದೆ, ಎಲ್ಲ ಕೇಳುತ್ತಾನೆ. ಮೊಳೆ ಬೇಡ, ಗಮ್ ಹಾಕು ಅಂತ ಹೇಳಿದರೆ ಅದನ್ನೂ ಕೇಳುತ್ತಾನೆ. ಅವನ ಹತ್ತಿರ ಹಸಿರು ಪ್ಲಸ್ ಮಾರ್ಕ್ ಒಂದಿಲ್ಲ, ಅದಕ್ಕೇ ಯಾರೂ ನಂಬುವುದಿಲ್ಲ.

ಸರಿ, ಒಳ್ಳೇ ಚಪ್ಪಲಿಯೇ ಸಿಕ್ಕಿತು ಅಂತಿಟ್ಟುಕೊಳ್ಳಿ. ಹಾಕಿಕೊಂಡು ಹೋಗುವುದೆಲ್ಲಿಗೆ? ಮನೆಯಲ್ಲೂ ಬರಿಗಾಲಲ್ಲಿ ಓಡಾಡಬೇಡಿ ಅಂತ ಡಾಕ್ಟರು ಹೇಳುತ್ತಾರೆ. ಅಡುಗೆಮನೆಗೆ ಚಪ್ಪಲಿ ಮೆಟ್ಟಿಕೊಂಡು ಹೋಗಿ ನೋಡಿ, ಎಂಬತ್ತು ದಾಟಿದ ಅವ್ವ ಎದ್ದು ಬರುತ್ತಾಳೆ. ಮಠ, ಗುಡಿಗಳಲ್ಲಂತೂ ಕೇಳುವುದೇ ಬೇಡ. ಏಪ್ರಿಲ್ ತಿಂಗಳ ಮಧ್ಯಾಹ್ನ ಕಾದ ಕಲ್ಲುಹಾಸಿನ ಮೇಲೆ ಉಳಿದವರು ಕುಣಿಯುತ್ತ ಓಡುತ್ತಾರೆ. ಶುಗರ್ ಇದ್ದವರು ಮಾತ್ರ ನಿಧಾನಕ್ಕೆ ಪ್ರದಕ್ಷಿಣೆ ಹಾಕುತ್ತಾರೆ. ನೋಡಿದವರು ಭಕ್ತಿ ಅಂದುಕೊಳ್ಳುತ್ತಾರೆ. ಮರುದಿನ ಅಂಗಾಲಿನಲ್ಲಿ ಬೊಬ್ಬೆ. ಹೊರಗೆ ಬಿಟ್ಟ ದುಬಾರಿ ಜೋಡು ಅಲ್ಲೇ ಇದ್ದರೆ ಅದು ದೇವರ ದಯೆ.

ಇದೆಲ್ಲ ಹೋಗಲಿ, ಶುಗರ್ ಕ್ಲಿನಿಕ್ಕಿನ ಬಾಗಿಲಿಗೆ ಬನ್ನಿ. ‘ಚಪ್ಪಲಿ ಹೊರಗೆ ಬಿಡಿ’ ಅಂತ ದಪ್ಪ ಅಕ್ಷರದ ಬೋರ್ಡು. ಒಬ್ಬ ಅಕ್ಕಾರು ತಮ್ಮ ಹೊಸ ಎಂಸಿಆರ್ ಜೋಡು ತೋರಿಸಿ, “ಇದನ್ನ ನಿಮ್ಮ ಡಾಕ್ಟರ್ರ ಬರದು ಕೊಟ್ಟಾರವಾ, ತಗೀಬ್ಯಾಡ್ರಿ ಅಂದಾರ” ಅಂದರು. ಕೌಂಟರಿನ ಹುಡುಗಿ ತಲೆ ಎತ್ತಲಿಲ್ಲ. “ಈಗ ನೆಲ ಒರಸೇವ್ರಿ ಅಕ್ಕಾರ, ಬಿಟ್ಟು ಬರ್ರಿ.” ಬಿಟ್ಟು ಬಂದರು. ಒಳಗೆ ಗೋಡೆ ಮೇಲೆ ಬಣ್ಣದ ಪೋಸ್ಟರ್: ‘ಮಧುಮೇಹಿಗಳೇ, ಬರಿಗಾಲಿನಲ್ಲಿ ನಡೆಯಬೇಡಿ.’ ಅದರ ಕೆಳಗಿನ ಬೆಂಚಿನಲ್ಲಿ ಸಾಲಾಗಿ ಇಪ್ಪತ್ತು ಬರಿಗಾಲು.

ಇನ್ನು ದುಡ್ಡಿನ ಮಾತು. ಈ ದೇಶದಲ್ಲಿ ಚಪ್ಪಲಿ ಬರೀ ಚಪ್ಪಲಿ. 2025ರ ಸೆಪ್ಟೆಂಬರ್ 22ರಿಂದ 2500 ರೂಪಾಯಿವರೆಗಿನ ಜೋಡಿಗೆ ಜಿಎಸ್‌ಟಿ ಶೇಕಡ 5, ಅದನ್ನು ದಾಟಿದರೆ 18. ಚಪ್ಪಲಿ ಅಂತಲೇ ಬಿಲ್ ಹರಿದರೆ ಮದುವೆಗೆ ಕೊಂಡ ಬೂಟಿಗೂ ಹುಣ್ಣಾದ ಕಾಲಿನ ಜೋಡಿಗೂ ಒಂದೇ ಲೆಕ್ಕ. ಕಾಲು ಕೆಟ್ಟಷ್ಟೂ ಚಪ್ಪಲಿ ದುಬಾರಿ, ಚಪ್ಪಲಿ ದುಬಾರಿ ಆದಷ್ಟೂ ತೆರಿಗೆ ಜಾಸ್ತಿ. ಅಮೆರಿಕದಲ್ಲಿ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್, ಪಾದಕ್ಕೆ ತೊಂದರೆ ಇರುವ ಶುಗರ್ ರೋಗಿಗೆ ವರ್ಷಕ್ಕೊಂದು ಜೋಡು ಬೂಟು, ಮೂರು ಜೊತೆ ಒಳಅಟ್ಟೆಯ ಖರ್ಚಿನ ದೊಡ್ಡ ಪಾಲನ್ನು ಕೊಡುತ್ತದೆ. ಅವರಿಗೆ ಮುದುಕರ ಕಾಲಿನ ಮೇಲೆ ವಿಶೇಷ ಪ್ರೀತಿ ಅಂತಲ್ಲ. ಕಾಲು ಕತ್ತರಿಸುವುದಕ್ಕಿಂತ ಬೂಟು ಅಗ್ಗ ಅಂತ ಕೂಡಿ ಕಳೆದು ನೋಡಿದ್ದಾರೆ.

ನಮ್ಮವರಿಗೂ ಲೆಕ್ಕ ಬರುತ್ತದೆ. ಆರೋಗ್ಯ ವಿಮೆಯಲ್ಲಿ ದುಡ್ಡು ಸಿಗದ ವಸ್ತುಗಳದ್ದೊಂದು ಪಟ್ಟಿ ಇದೆ, ವಿಮೆ ನಿಯಂತ್ರಣ ಮಾಡುವ ಐಆರ್‌ಡಿಎಐ ಮಾಡಿದ್ದು. ಒಟ್ಟು 68 ಬಾಬತ್ತು. ಓದಲು ಬಲು ಮಜಾ ಇದೆ. ಬ್ಯೂಟಿ ಸರ್ವಿಸ್, ಲಾಂಡ್ರಿ, ಮಿನರಲ್ ವಾಟರ್, ಟಿವಿ ಚಾರ್ಜು, ಕ್ಯಾರಿ ಬ್ಯಾಗು. ಆಸ್ಪತ್ರೆಯಲ್ಲಿ ಫೇಶಿಯಲ್ ಮಾಡಿಸಿಕೊಂಡರೆ ಕಂಪನಿ ಯಾಕೆ ಕೊಡಬೇಕು, ನ್ಯಾಯವೇ. ಇದೇ ಗುಂಪಿನಲ್ಲಿ, ಕುತ್ತಿಗೆ ಪಟ್ಟಿ ಮೊಣಕಾಲು ಪಟ್ಟಿಗಳ ಜೊತೆ, ಡಯಾಬಿಟಿಕ್ ಫುಟ್‌ವೇರ್ ಕೂಡ ಕೂತಿದೆ. ಫೇಶಿಯಲ್ಲೂ ಶೋಕಿ, ಹುಣ್ಣಿನ ಕಾಲಿನ ಚಪ್ಪಲಿಯೂ ಶೋಕಿ.

ಧಾರವಾಡದ ಹಿರಿಯರೊಬ್ಬರು ಈ ಪಟ್ಟಿ ಓದಿದ ಮೇಲೆ ತಮ್ಮ ಪಾಲಿಸಿ ಏಜೆಂಟನಿಗೆ ಫೋನ್ ಹಚ್ಚಿದರು. ಹುಡುಗ ಅದೇ ಓಣಿಯವನು.

“ತಮ್ಮಾ, ಡಾಕ್ಟರು ಚೀಟಿ ಬರದಾರ. ಚಪ್ಪಲಿ ಬಿಲ್ ಕೊಟ್ರ ಕ್ಲೇಮ್ ಆಗ್ತದೇನು?”

“ಇಲ್ರಿ ಕಾಕಾ, ಅದು ಪಟ್ಟಿಯೊಳಗ ಐತಿ.”

“ಚಪ್ಪಲಿ ಇಲ್ದ ಕಾಲಿಗೆ ಹುಣ್ಣಾತು, ಕಾಲು ತಗಸೂ ಪಾಳಿ ಬಂತು. ಆವಾಗ?”

“ಆವಾಗ ಚಿಂತಿ ಬ್ಯಾಡ್ರಿ. ಅಡ್ಮಿಟ್ ಆಗ್ತೀರಲ್ರಿ! ಆಪರೇಶನ್, ರೂಮು, ಎಲ್ಲಾ ಕ್ಯಾಶ್‌ಲೆಸ್.”

“ಆಮ್ಯಾಲ ಕುಂಟಕೋತ ಅಡ್ಡಾಡಾಕ ಒಂದು ಬಡಿಗಿ ಬೇಕಾಗ್ತದಲ್ಲೋ.”

ಆ ಕಡೆ ಹಾಳೆ ತಿರುವುವ ಸಪ್ಪಳ. “ವಾಕಿಂಗ್ ಏಡ್ಸ್… ಅದೂ ಪಟ್ಟಿಯೊಳಗ ಐತ್ರಿ.”

“ಬಾಯಿ ಕಹಿ ಆಗೇತಿ ಅಂತ ಚಾದಾಗ ಶುಗರ್‌ಫ್ರೀ ಗುಳಿಗಿ ಹಾಕ್ಕೊಂಡ್ರ?”

“ಅದೂ ಐತ್ರಿ.”

“ಇದರಾಗ ನಾ ಸತ್ತೇ ಹೋದ್ರ?”

ಏಜೆಂಟ್ ಸ್ವಲ್ಪ ಹೊತ್ತು ಹುಡುಕಿದ.

“ಮಾರ್ಚುರಿ ಚಾರ್ಜೂ ಬರಂಗಿಲ್ರಿ ಕಾಕಾ. ಈ ತಿಂಗಳ ಇಪ್ಪತ್ತಕ್ಕ ಪ್ರೀಮಿಯಂ ಐತಿ ನೋಡ್ರಿ, ನಾನ ಮನಿಗೆ ಬರ್ಲ್ಯಾ?”