ಮೈಕ್ರೋವೇವ್ ಒಳಗೆ ವಿಕಿರಣ ಉಳಿಯುತ್ತದೆಯೇ? ಸತ್ಯಾಂಶ

“ಮೈಕ್ರೋವೇವ್ ಓವನ್ ಆರಿಸಿದ ಮೇಲೂ ಅದರ ಗೋಡೆಗಳಲ್ಲಿ ವಿಕಿರಣ ಉಳಿದಿರುತ್ತದೆ, ಕೈ ಹಾಕಿ ಒರೆಸಿದರೆ ಮೈಗೆ ಸೇರುತ್ತದೆ” ಎಂಬ ಸಂದೇಶ ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುತ್ತಿದೆ. ಇದು ಸುಳ್ಳು. ಇದನ್ನು ನಂಬಿ ಓವನ್ನನ್ನು ತಿಂಗಳುಗಟ್ಟಲೆ ಒರೆಸದೆ ಬಿಡುವುದೇ ನಿಜವಾದ ತೊಂದರೆ.

ಒಳಗಿರುವ ಮ್ಯಾಗ್ನೆಟ್ರಾನ್ ಸುಮಾರು 2450 ಮೆಗಾಹರ್ಟ್ಸ್ ಆವರ್ತನದ ಅಲೆಗಳನ್ನು ಹೊಮ್ಮಿಸುತ್ತದೆ. ಇವು ರೇಡಿಯೊ ಅಲೆಗಳ ಬಳಗದವು. ಆಹಾರದಲ್ಲಿನ ನೀರಿನ ಅಣುಗಳನ್ನು ಕದಲಿಸಿ ಬಿಸಿ ಮಾಡುತ್ತವೆಯೇ ಹೊರತು ಯಾವ ವಸ್ತುವನ್ನೂ ವಿಕಿರಣಶೀಲವಾಗಿಸಲಾರವು. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುವುದಿಲ್ಲವಲ್ಲ, ಇದೂ ಹಾಗೆಯೇ. ಬಾಗಿಲು ತೆರೆದೊಡನೆ ಮ್ಯಾಗ್ನೆಟ್ರಾನ್ ನಿಲ್ಲುತ್ತದೆ.

ಒರೆಸದೆ ಬಿಟ್ಟ ಜಿಡ್ಡು ಮಾತ್ರ ಪ್ರತಿ ಸಲವೂ ಕಾದು ಕರಕಾಗುತ್ತದೆ. ಅಲೆಗಳು ಒಳಬರುವ ದಾರಿಯನ್ನು ಮುಚ್ಚಿರುವ ಮೈಕಾ ಹಾಳೆಯ ಮೇಲೆ ಅದು ಕೂತರೆ ಕಿಡಿ ಹಾರಬಹುದು. ಕೂಡಲೇ ನಿಲ್ಲಿಸಿ, ಹಾಳೆ ಸುಟ್ಟು ತೂತಾಗಿದ್ದರೆ ಬದಲಿಸಲೇಬೇಕು.

ಸ್ವಚ್ಛಗೊಳಿಸುವುದು ಸುಲಭ. ಒಂದು ಬಟ್ಟಲು ನೀರಿನಲ್ಲಿ ನಿಂಬೆಹೋಳು ಹಾಕಿ, ಮರದ ಚಮಚ ಇಟ್ಟು 3 ನಿಮಿಷ ಬಿಸಿ ಮಾಡಿ, ಇನ್ನೂ 5 ನಿಮಿಷ ಬಾಗಿಲು ಮುಚ್ಚಿಡಿ. ಹಬೆಗೆ ಜಿಡ್ಡು ಸಡಿಲವಾಗುತ್ತದೆ, ಒದ್ದೆ ಬಟ್ಟೆ ಸಾಕು. ಆ ಚಮಚವನ್ನು ಮರೆಯಬೇಡಿ: ನಯವಾದ ಪಾತ್ರೆಯಲ್ಲಿ ನೀರು ಕುದಿಯದೆಯೇ ಅತಿಯಾಗಿ ಕಾದು, ಅಲುಗಿಸಿದೊಡನೆ ಉಕ್ಕಿ ಕೈ ಸುಡಬಹುದು.

ಹೆದರಬೇಕಾದದ್ದು ಹೊರಕವಚದೊಳಗಿರುವ, ವಿದ್ಯುತ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್‌ಗೆ. ಪ್ಲಗ್ ಕಿತ್ತ ಮೇಲೂ ಪ್ರಾಣ ತೆಗೆಯುವಷ್ಟು ವಿದ್ಯುತ್ ಅದರಲ್ಲಿ ಇರಬಹುದು. ಆ ಕವಚವನ್ನು ದಯವಿಟ್ಟು ನೀವೇ ಬಿಚ್ಚಬೇಡಿ, ತಂತ್ರಜ್ಞರನ್ನು ಕರೆಯಿರಿ.