ಇದಕ್ಕಾಗಿ ಇಷ್ಟು ಹೆಣಗಳೇ?

ಅಮೆರಿಕದ ಟಿವಿ ಧಾರಾವಾಹಿ ‘ಯೆಲ್ಲೋಸ್ಟೋನ್’ನ ನಾಯಕ, ಜಮೀನಿನ ಒಡೆಯ ಜಾನ್ ಡಟನ್ ಸತ್ತುಹೋದ. ಎಲ್ಲಿ? ಸ್ನಾನದ ಮನೆಯಲ್ಲಿ, ಮುಖವನ್ನೂ ಸರಿಯಾಗಿ ತೋರಿಸದೆ! 2023ರ ಜನವರಿಯಿಂದ 2024ರ ನವೆಂಬರ್‌ವರೆಗೆ ‘ಯೆಲ್ಲೋಸ್ಟೋನ್’ಗಾಗಿ ಚಾತಕಪಕ್ಷಿಗಳಂತೆ ಕಾದವರಿಗೆ ಇದೇ ಪ್ರಸಾದ.

ಅಲ್ಲ ಸ್ವಾಮಿ, ಮೊಂಟಾನಾದ ಅಷ್ಟು ದೊಡ್ಡ ಜಮೀನಿನಲ್ಲಿ ದನ ನೋಡಿಕೊಳ್ಳಲು ಈ ಡಟನ್ ಕುಟುಂಬಕ್ಕೆ ಪುರುಸೊತ್ತಾದರೂ ಎಲ್ಲಿತ್ತು? ಇವತ್ತು ಜಮೀನಿಗೆ ಕಣ್ಣುಹಾಕಿ ಕ್ಯಾಸಿನೊದವರು ಬಂದರು, ನಾಳೆ ವಿಮಾನ ನಿಲ್ದಾಣದವರು. ಕತ್ತಲಾದರೆ ವಯೋಮಿಂಗ್ ಗಡಿಯ ಕಮರಿಗೆ ಇನ್ನೊಂದು ಹೆಣ. ಕೇಳುವವರೇ ಇಲ್ಲ! ಜಾನ್‌ನ ಮಗಳು ಬೆತ್ ಸಿಗರೇಟು ಹಚ್ಚಿಕೊಂಡು ಸೋದರ ಜೇಮಿಗೆ ಮಂಗಳಾರತಿ ಎತ್ತುತ್ತಲೇ ಇರುತ್ತಾಳೆ. ಅಂಗುಲ ನೆಲವನ್ನೂ ಬಿಡೆವೆಂಬ ಪಾರಾಯಣವಂತೂ ಪ್ರತಿ ಕಂತಿನಲ್ಲೂ ತಪ್ಪದು.

ಕೊನೆಗೆ ಮಾಡಿದ್ದೇನು? ಎಕರೆಗೆ 1.25 ಡಾಲರಿನಂತೆ ಅಲ್ಲಿನ ಮೂಲನಿವಾಸಿ ಬುಡಕಟ್ಟಾದ ಬ್ರೋಕನ್ ರಾಕ್ ಜನರಿಗೇ ಮಾರಿದರು! ಮೊದಲ ಕಂತಿನಲ್ಲೇ ಕೊಟ್ಟುಬಿಟ್ಟಿದ್ದರೆ ಪಾಪ, ಹಿರಿಯ ಮಗ ಲೀಯಾದರೂ ಬದುಕಿರುತ್ತಿದ್ದ.